ವರ್ನಾಳ ಐದು ಗಂಡುಗಿಡಗಳು

ಗಂಡುಗಿಡದ ಕಾಂಡವನ್ನು ಮೂಸಿ, ಅದರ ಹೆಣ್ಣುಮಕ್ಕಳ ಹೂವು ಮುಂದಿನ ವರ್ಷ ಯಾವ ಕಂಪು ಬೀರುವುದೆಂದು ಹೇಳಲಾದೀತೆ? ಮ್ಯಾಟೋಲ್ ಕಣಿವೆಯ ಗಾಂಜಾ ಬೆಳೆಯಲ್ಲಿನ ಟರ್ಪೀನುಗಳನ್ನು, ಅಂದರೆ ಕಂಪಿನ ಎಣ್ಣೆಗಳನ್ನು, ವರ್ಷಗಟ್ಟಲೆ ಅಳೆದ ನನಗೆ ಉತ್ತರ ಸಿಕ್ಕಿಲ್ಲ. ವರ್ನಾ ಟಲ್ಲಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಬೆಟ್ಟದ ಮೇಲೆ ನಲವತ್ತು ವರ್ಷ ಅವಳು ಒಂದೇ ತಳಿಯನ್ನು ಕಾಪಾಡಿಕೊಂಡು ಬಂದಿದ್ದಳು. ಅದರ ಹೂವಿಗೆ ಆಗತಾನೇ ಸುಲಿದ ಚಕ್ಕೋತದ ಘಮ. ಒಂದು ಚಳಿಗಾಲ ಬೀಜದ ಡಬ್ಬಿಗೆ ಇಲಿ ಹೊಕ್ಕಿತು. ಅಳಿದುಳಿದ ಬೀಜಗಳಿಂದ ಎದ್ದದ್ದು ಒಂಬತ್ತೇ ಗಿಡ: ನಾಲ್ಕು ಹೆಣ್ಣು, ಐದು ಗಂಡು. ಗಂಡಿನ ಪರಾಗ ಗಾಳಿಗೆ ಹಾರಿದರೆ ಕಣಿವೆಯ ಹೂವೆಲ್ಲ ಬೀಜ ಕಟ್ಟಿ ಕೆಡುತ್ತದೆ. ಕಂಡೊಡನೆ ಕೀಳುವುದೇ ಇಲ್ಲಿನ ರೂಢಿ. ಒಂದನ್ನು ಮಾತ್ರ, ಅದೂ ಮುಚ್ಚಿದ ಕೊಟ್ಟಿಗೆಯಲ್ಲಿ, ಉಳಿಸಿಕೊಳ್ಳಲು ನೆರೆಯ ಬೆಳೆಗಾರ ಹಾಯ್ಟ್ ಒಪ್ಪಿದ. ಆಯ್ಕೆ ತಪ್ಪಿದರೆ ಆ ಘಮ ಮತ್ತೆ ದಕ್ಕುವಂತಿರಲಿಲ್ಲ.

ಎಲೆಗಳನ್ನು ಪ್ರಯೋಗಾಲಯದ ಯಂತ್ರದಲ್ಲಿ ಪರೀಕ್ಷಿಸಿ ನಾನು ಮೂರನೆಯ ಗಿಡವನ್ನು ಸೂಚಿಸಿದೆ. ಕಿತ್ತಳೆ, ನಿಂಬೆಗಳಲ್ಲಿರುವ ಲಿಮೊನೀನ್ ಅದರಲ್ಲೇ ಹೆಚ್ಚಿತ್ತು. ವರ್ನಾ ಒಂದೊಂದು ಕಾಂಡವನ್ನೂ ಹೆಬ್ಬೆರಳಿನಿಂದ ಉಜ್ಜಿ ಮೂಸಿದಳು. ನಡುನಡುವೆ ತನ್ನ ಮೊಣಕೈಯ ಒಳಮಗ್ಗುಲನ್ನು ಮೂಸಿ ಮೂಗನ್ನು ತಿಳಿಗೊಳಿಸಿಕೊಂಡಳು.

"ಐದನೆಯವನು," ಎಂದಳು.

"ಮೂರರಲ್ಲಿ ದುಪ್ಪಟ್ಟಿದೆ ವರ್ನಾ. ಕಾಗದ ನೋಡು."

"ಕಾಗದಾನೂ ಮೂಸ್ದೆ ಕಣೋ. ಬರೀ ಶಾಯಿ ವಾಸ್ನೆ."

ಹಾಯ್ಟ್ ನನ್ನತ್ತ ತಿರುಗಿದ. "ಆ ಮೂಗನ್ನ ನಂಬ್ಬೇಡ ಮಾರಾಯ. ಹೋದ್ವಾರ ನಾನ್ಮಾಡಿದ ಬೀನ್ಸು ಘಮ್ ಅಂತಿದೆ ಅಂದಿದ್ಲು."

"ಅದು ಮೂಗು ಹೇಳಿದ್ದಲ್ಲ ಹಾಯ್ಟ್, ಮರ್ಯಾದೆ ಹೇಳ್ಸಿದ್ದು."

ಉಳಿದ ನಾಲ್ಕನ್ನೂ ಅವಳು ಅಂದೇ ಕಿತ್ತಳು. ಮರುವರ್ಷ ಐದನೆಯವನ ಹೆಣ್ಣುಮಕ್ಕಳಾದ ಇಪ್ಪತ್ತಾರು ಗಿಡಗಳು ಅರಳಿದವು, ಹನ್ನೊಂದರಲ್ಲಿ ಚಕ್ಕೋತವಿತ್ತು. ಆ ಘಮದಲ್ಲಿ ಗಂಧಕದ ಅಣುಗಳ ಪಾಲೂ ಇದೆಯೆಂದೂ, ನಮ್ಮ ಯಂತ್ರ ಅವನ್ನು ಅಳೆಯುತ್ತಲೇ ಇರಲಿಲ್ಲವೆಂದೂ ನಾನು ಓದಿ ತಿಳಿದದ್ದು ಬಹಳ ತಡವಾಗಿ. ಅಂದು ಮಾತ್ರ ಬಿಗುವಾಗಿಯೇ ಹೇಳಿದೆ: "ಒಂದು ಸಲ ಗೆದ್ದದ್ದು ಪುರಾವೆ ಆಗಲ್ಲ. ಮೂರನೇದೂ ಇದನ್ನೇ ಕೊಡ್ತಿತ್ತೋ ಏನೋ."

"ಇದ್ರೂ ಇರ್ಬಹುದು," ಎಂದು ನಕ್ಕಳು.

ವರ್ನಾ ಕಳೆದ ಮಾರ್ಚಿನಲ್ಲಿ ತೀರಿಕೊಂಡಳು. ಅವಳ ಫ್ರಿಜ್ಜನ್ನು ಖಾಲಿ ಮಾಡುತ್ತಿದ್ದ ತಂಗಿ, ನನ್ನ ಹೆಸರಿನ ಚೀಟಿ ಅಂಟಿದ್ದ ಪುಟ್ಟ ಸೀಸೆಯೊಂದನ್ನು ನನಗೆ ತಲುಪಿಸಿದಳು. ಕಿತ್ತ ಮೂರನೆಯ ಗಿಡದ ಕೊಂಬೆಯೊಂದನ್ನು ನೀರಿನಲ್ಲಿಟ್ಟು ಅರಳಿಸಿ, ಅದರ ಪರಾಗವನ್ನು ತೇವ ತಗಲದಂತೆ ಒಣಹಿಟ್ಟಿನಲ್ಲಿ ಬೆರೆಸಿ, ಅವಳು ಅಷ್ಟು ವರ್ಷ ಫ್ರೀಜರಿನಲ್ಲಿ ಕಾಪಾಡಿದ್ದಳು. ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಬರೆದಿದ್ದಳು: "ನನ್ನ ಮೂಗು ತಪ್ಪಿದ್ದರೆ."