ಅಳೆಯದೆ ಬರೆದ ಆರು ದಿನ

ಕಳೆದ ವಾರ ನನ್ನದೊಂದು ಸುಳ್ಳು ಸಿಕ್ಕಿಬಿತ್ತು. ನಲವತ್ತು ವರ್ಷ ಹಳೆಯ ಸುಳ್ಳು. ಹಿಡಿದದ್ದು ಯಾರು ಗೊತ್ತೇ? ಕಂಪ್ಯೂಟರು.

ಸಿದ್ದಾಪುರದ ನನ್ನ ಮನೆ ಬಾಗಿಲಿಗೆ ಸ್ಕೂಟರಿನಲ್ಲಿ ಬಂದವಳು ಚೇತನಾ. ಇಡಗುಂದಿ ಕಡೆಯ ಹುಡುಗಿ, ಎಂಜಿನಿಯರು. ಶಿರಸಿಯಲ್ಲಿ ರೂಮು ಹಿಡಿದು ಕಡಲ ದಂಡೆಯ ಗೋಡೆಗಳ ಲೆಕ್ಕ ಮಾಡುತ್ತಾಳೆ. (ಘಟ್ಟದ ಮೇಲೆ ಕೂತು ಸಮುದ್ರದ ಲೆಕ್ಕ! ಕಾಲ ಹೀಗೂ ಬಂತು.)

ನೀರು ಎಷ್ಟು ಏರುತ್ತದೆ, ಗೋಡೆ ಎಷ್ಟು ಎತ್ತರ ಬೇಕು ಎಂದು ಹೇಳುವ ಹಳೆಯ ಪ್ರೋಗ್ರಾಮ್ ಒಂದಿದೆಯಂತೆ. ಅದನ್ನು ಬರೆದ ಭಾಷೆ ಓದುವವರೇ ಈಗ ಕಡಿಮೆ. ಕಂಪ್ಯೂಟರಿಗೂ ಹಳಗನ್ನಡ ಇದೆ ಎಂದು ನನಗೇನು ಗೊತ್ತು? ಅದನ್ನು ಹೊಸ ಭಾಷೆಗೆ ತರುವುದು ಇವಳ ಕೆಲಸ. ತಂದಳು. ನೋಡಿದರೆ, ಹಳೆಯದು ಹೇಳಿದ್ದಕ್ಕಿಂತ ಹೊಸದು ಹೇಳಿದ ಗೋಡೆ ಒಂದು ಮೊಳ ಗಿಡ್ಡ.

ಯಾಕೆ? ಹುಡುಕಿದಳು. ಹಳೆಯದರ ನಡುವೆ ಒಂದು ಸಾಲಿತ್ತು. ಒಂದು ಬಂದರಿನ ನೀರಿನ ಮಟ್ಟದ ರಿಜಿಸ್ಟರಿನ ಆರು ದಿನ ಬಿಡು, ಆ ಜಾಗದಲ್ಲಿ ಬೇರೊಂದು ಅಂಕಿ ಹಿಡಿ ಎನ್ನುವ ಸಾಲು. ಕಾರಣ ಬರೆದಿಲ್ಲ. ಕಸ ಎಂದುಕೊಂಡು ಹೊಸದರಲ್ಲಿ ಅದನ್ನು ತೆಗೆದುಬಿಟ್ಟಿದ್ದಳು. ಕೇಳೋಣ ಎಂದರೆ ಬರೆದ ಸಾಹೇಬರು ತೀರಿಕೊಂಡಿದ್ದಾರೆ. ರಿಜಿಸ್ಟರಿನಲ್ಲಿ ಇದ್ದದ್ದು ನನ್ನ ಗಂಡನ ಹೆಸರು, ಊರು ಮನ್ಮನೆ. ಅವರೂ ಈಗಿಲ್ಲ. ಮನ್ಮನೆಯವರು ನನ್ನ ವಿಳಾಸ ಕೊಟ್ಟರು.

ಚಾ ಕುಡಿದು ಕೇಳಿದಳು. "ಅಜ್ಜಿ, ಈ ಆರು ದಿನ ಅಂಕಿ ಅಲ್ಲಾಡಿದ್ದೇ ಇಲ್ಲೆ. ಸಮುದ್ರ ಹಂಗೆ ನಿಲ್ತಾ?"

"ನಿಲ್ತಿಲ್ಲೆ."

"ಹಂಗಾರೆ ಅಜ್ಜಂದು ತಪ್ಪಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಸತ್ತವರು ಎದ್ದು ಬಂದು ಜಗಳ ಮಾಡುತ್ತಾರೆಯೇ? ರಿಜಿಸ್ಟರು ಸರಿ ಎಂದಿದ್ದರೆ ಮನೆಯ ಮರ್ಯಾದೆಯೂ ಉಳಿಯುತ್ತಿತ್ತು. ಗೋಡೆ ಯಾರಿಗೆ ಎಂದು ಕೇಳಿದೆ. ಅದೇ ಬಂದರಿನ ಮೀನುಗಾರರ ಕೇರಿಗೆ ಎಂದಳು. ಆ ಕೇರಿಯ ಹೆಂಗಸರು ನನಗೆ ಗೊತ್ತು. ನಾವು ಅಲ್ಲಿದ್ದಾಗ ಪ್ರೀತಿಯಿಂದ ಒಣಮೀನು ತಂದು, ನಾವು ತಿನ್ನುವುದಿಲ್ಲ ಎಂದಾಗ ಹೊಟ್ಟೆ ಹಿಡಿದು ನಕ್ಕವರು.

"ಬರದ್ದು ಆನು," ಎಂದೆ. "ಅಳೆದಿದ್ದಿಲ್ಲೆ."

ನನ್ನ ಗಂಡನಿಗೆ ಆ ಬಂದರಿನಲ್ಲಿ ನೀರಿನ ಮಟ್ಟ ಬರೆಯುವ ಕೆಲಸ. ಜೆಟ್ಟಿಯ ಕಂಬಕ್ಕೆ ಗೀಟು ಹಾಕಿದ ಹಲಗೆ. ನೀರು ಏರಿದಾಗ ಎಷ್ಟನೇ ಗೀಟು ಮುಟ್ಟಿತು ಎಂದು ನೋಡಿ ಬರೆಯಬೇಕು. ಆ ಮಳೆಗಾಲ ರಜೆ ಹಾಕದೆ ಗದ್ದೆಯ ಸಸಿ ನೆಟ್ಟಿಗೆ ಊರಿಗೆ ಹೋದರು. (ಘಟ್ಟದವರಿಗೆ ನೆಟ್ಟಿ ಮೊದಲು, ಸರ್ಕಾರ ಆಮೇಲೆ.) ಎರಡನೇ ಕ್ಲಾಸಿಗೆ ಶಾಲೆ ಬಿಟ್ಟರೂ ನನಗೆ ಅಂಕಿ ಬರುತ್ತಿತ್ತು. ನೀನೇ ನೋಡಿ ಬರೆ ಎಂದರು.

ಮಾರನೇ ದಿನವೇ ಗಾಳಿ ಎದ್ದಿತು. ಜೆಟ್ಟಿಯ ಮೆಟ್ಟಿಲಿಗೆ ಅಲೆ ಬಡಿಯುವುದನ್ನು ಕಂಡು ಅಲ್ಲಿಂದಲೇ ತಿರುಗಿದೆ. ಮನೆಗೆ ಬಂದು ಹಿಂದಿನ ದಿನದ ಅಂಕಿಯನ್ನೇ ಬರೆದೆ. ಮತ್ತೆ ಐದು ದಿನ ಅದನ್ನೇ.

ಗಾಳಿ ಇಳಿದ ಮೇಲೆ, ಮುಂದೆ ಆ ಪ್ರೋಗ್ರಾಮ್ ಬರೆದ ಸಾಹೇಬರೇ ಬಂದರು. ರಿಜಿಸ್ಟರು ನೋಡಿದರು. ನನ್ನನ್ನು ನೋಡಿದರು.

"ಯಜಮಾನರು ಎಲ್ಲಿ ತಾಯಿ?"

"ಜ್ವರ, ಮಲಗಿದಾರೆ."

ಬಾಗಿಲು ತೆರೆದೇ ಇತ್ತು, ಒಳಗೆ ಬರೀ ಚಾಪೆ. ಸಾಹೇಬರು ಅದನ್ನು ನೋಡಿ ಕೇರಿಯತ್ತ ನಡೆದರು. ಬಲೆ ಇಡುವ ಶೆಡ್ಡಿನ ಗೋಡೆಯ ಮೇಲೆ ನೀರು ಬಂದು ಹೋದ ಕೆಸರಿನ ಗೆರೆ ಇತ್ತು. ಅದಕ್ಕೆ ಟೇಪು ಹಿಡಿದರು, ಏನೋ ಬರೆದುಕೊಂಡರು, ಹೋದರು. ಬಚಾವಾದೆ ಎಂದುಕೊಂಡೆ.

ಅವರು ಅಂದು ಬರೆದುಕೊಂಡದ್ದೇ ಪ್ರೋಗ್ರಾಮಿನ ಆ ಸಾಲಿನಲ್ಲಿದ್ದ ಅಂಕಿ!

ಚೇತನಾ ಅಲ್ಲೇ ಕಂಪ್ಯೂಟರು ತೆರೆದು ಆ ಸಾಲನ್ನು ಹೊಸದರಲ್ಲಿ ಸೇರಿಸಿ ಓಡಿಸಿದಳು. ಎರಡೂ ಒಂದೇ ಎತ್ತರ ಹೇಳಿದವು. ನಾನು ಹೆದರಿ ನೋಡದೆ ಬಿಟ್ಟ ನೀರು ಇಷ್ಟು ವರ್ಷ ಯಂತ್ರದೊಳಗೆ ಒಂದು ಬೆರಳೂ ಇಳಿಯದೆ ನಿಂತಿತ್ತಲ್ಲ! ಎಂಥ ಮನುಷ್ಯ ಅವರು! ಕಾರಣ ಬರೆದಿದ್ದರೆ ನಮ್ಮ ಅನ್ನ ಹೋಗುತ್ತಿತ್ತು. ಬರೆಯಲಿಲ್ಲ. ಲೆಕ್ಕ ಕೆಡಲೂ ಬಿಡಲಿಲ್ಲ.

ಆದರೂ ಒಂದು ಮಾತು ಹೇಳಿಯೇ ಬಿಡುತ್ತೇನೆ. ಆ ಕರುಣೆಯಿಂದಲೇ ಕೇರಿಯ ಗೋಡೆ ಗಿಡ್ಡವಾಗುವುದರಲ್ಲಿತ್ತು. ಹೋದ ವರ್ಷದ ನ್ಯುಮೋನಿಯಾದಲ್ಲಿ ನಾನು ಹೋಗಿಬಿಟ್ಟಿದ್ದರೆ?

ಚೇತನಾ ಸಾಲಿನ ಪಕ್ಕದಲ್ಲಿ ಏನೋ ಟೈಪು ಮಾಡಿದಳು.

"ಎಂತ ಬರದ್ಯೇ ಕೂಸೆ?"

"ಓದ್ತೆ ಕೇಳಿ. 'ಈ ಆರು ದಿನ ಅಳೆದದ್ದಲ್ಲ. ಬರೆದವರೇ ಹೇಳಿದ್ದು.'"

"ಹೆಸರು?"

"ಬ್ಯಾಡ ಬಿಡಿ ಅಜ್ಜಿ."

"ಹಾಕು. ಅಜ್ಜಂದಲ್ಲ, ಯಂದು."

ಹಾಕಿದಳು. ನಿಮ್ಮ ಆಫೀಸಿನಲ್ಲೋ ಮನೆಯಲ್ಲೋ ಅರ್ಥವಾಗದ ಹಳೆಯ ಸಾಲು ಇದ್ದರೆ, ಬರೆದವರು ಉಸಿರಾಡುತ್ತಿರುವಾಗಲೇ ಹೋಗಿ ಕೇಳಿ. ಸತ್ತವರ ರಿಜಿಸ್ಟರು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದಿಲ್ಲ.