ತೆಂಗಿನಕಾಯಿ ತರಲು ಇಳಿದವನು

ಬೆಳ್ಯಪ್ಪ ಓದಲೆಂದು ವಿದೇಶಕ್ಕೆ, ಪಾಮರ್ಸ್ಟನ್ ನಾರ್ತ್ ಪಟ್ಟಣಕ್ಕೆ ಬಂದು, ಹಾಲಿನ ಪುಡಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಹಿಡಿದು ಅಲ್ಲೇ ಉಳಿದವನು. ಕೊಡವ. ಜಿಂಕೆ ಬೇಟೆಗೆಂದು ಲೈಸೆನ್ಸ್ ಪಡೆದು ಒಂದು ರೈಫಲ್ ಇಟ್ಟುಕೊಂಡಿದ್ದ. ಆತ್ಮರಕ್ಷಣೆಗೆ ಎಂದು ಕೇಳಿದರೆ ಆ ದೇಶದಲ್ಲಿ ಬಂದೂಕು ಸಿಗುವುದಿಲ್ಲ. ಅದು ಅವನಿಗೆ ಶುದ್ಧ ಮೂರ್ಖತನವಾಗಿ ಕಾಣುತ್ತಿತ್ತು.

"ಯಾವನೋ ಬಂದು ಜನರಿಗೆ ಗುಂಡು ಹೊಡೀತಿದ್ರೆ, ಬಂದೂಕು ಇಟ್ಕೊಂಡವನು ಕೈಕಟ್ಟಿ ಕೂರ್ಬೇಕಾ? ನಮ್ಮಲ್ಲಿ ಮಗು ಹುಟ್ಟಿದ್ರೇ ಗುಂಡು ಹಾರಿಸ್ತಾರೆ," ಎನ್ನುತ್ತಿದ್ದ.

"ಹುಟ್ಟಿದ್ದಕ್ಕೆ ಹಾರಿಸ್ಕೊಳ್ಳಿ. ನಮ್ಮ ವಾರ್ಡಿಗೆ ಜನ ಬರೋ ಹಾಗೆ ಹಾರಿಸ್ಬೇಡಿ," ಎನ್ನುತ್ತಿದ್ದಳು ಹೆಂಡತಿ ರತ್ನಾ. ಮೈಸೂರಿನವಳು, ಆಸ್ಪತ್ರೆಯಲ್ಲಿ ನರ್ಸ್.

ಆ ದಿನ ಕೈಲ್‌ಪೊಳ್ದ್, ಕೊಡವರು ಆಯುಧಕ್ಕೆ ಪೂಜೆ ಮಾಡುವ ಹಬ್ಬ. ಸ್ನೇಹಿತರೊಬ್ಬರ ಫಾರ್ಮಿನಲ್ಲಿ ಎಲ್ಲರೂ ಸೇರಿ, ಪೂಜೆಯಾದ ಮೇಲೆ ಕಂಬಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ರೂಢಿ. ಬೆಳ್ಯಪ್ಪ ಮಂಡಿಯುದ್ದದ ಕಪ್ಪು ಅಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ವಸ್ತ್ರ ಬಿಗಿದು, ಅದರಲ್ಲಿ ಪೀಚೆಕತ್ತಿ ಎಂಬ ಚೂರಿ ಸಿಕ್ಕಿಸಿಕೊಂಡಿದ್ದ. ರೈಫಲ್ ಯೂಟ್ ಎಂಬ ಪಿಕಪ್ ಗಾಡಿಯ ಹಿಂದಿನ ಸೀಟಿನಲ್ಲಿತ್ತು. ಕಾನೂನಿನಂತೆ ಬಿಚ್ಚಿದ ಅದರ ಬೋಲ್ಟು, ಗುಂಡು ಬೇರೆ ಬೇರೆ ಪೆಟ್ಟಿಗೆಯಲ್ಲಿ. ತೆಂಗಿನಕಾಯಿ ಮರೆತಿದ್ದರಿಂದ ಗಂಡ ಹೆಂಡತಿ ದಾರಿಯಲ್ಲಿ ಭಾರತೀಯ ದಿನಸಿ ಅಂಗಡಿಯ ಮುಂದೆ ನಿಲ್ಲಿಸಿದರು.

ಅವನು ಇಳಿಯುವಷ್ಟರಲ್ಲಿ ಒಳಗಿನಿಂದ ಗುಂಡಿನ ಸದ್ದು ಕೇಳಿತು. ಬಾಗಿಲಿನಿಂದ ಜನ ಚೆಲ್ಲಾಪಿಲ್ಲಿಯಾಗಿ ಓಡಿಬಂದರು. ರತ್ನಾ ಪೊಲೀಸರಿಗೆ ಫೋನು ಮಾಡುತ್ತಲೇ ಅವನ ತೋಳು ಹಿಡಿದುಕೊಂಡಳು.

"ಹೋಗ್ಬೇಡಿ ರೀ. ಅವರು ಬರ್ತಾರೆ."

"ಅವರು ಬರೋವರೆಗೆ?"

ಅವನು ಬೋಲ್ಟು ಕೂಡಿಸಿ, ಗುಂಡು ತುಂಬಿ, ಒಳಗೆ ಹೋದ.

ಗಲ್ಲಾದ ಬಳಿ ಒಬ್ಬ ಗಂಡಸು ಬಿದ್ದಿದ್ದ. ಕೊಂದವನು ಕಾಣಲಿಲ್ಲ. ಬೇಟೆಯಲ್ಲಿ ಬಾಯಿ ಬಿಡಬಾರದು, ಹೆಜ್ಜೆಯ ಸದ್ದೂ ಕೇಳಬಾರದು ಎಂಬುದು ಅವನಿಗೆ ಚಿಕ್ಕಂದಿನಿಂದ ಮೈಗೂಡಿದ ಪಾಠ. ಅಕ್ಕಿ ಮೂಟೆಗಳ ಸಾಲಿನಲ್ಲಿ, ರೈಫಲ್ ಭುಜಕ್ಕೊತ್ತಿ, ತುಟಿ ಬಿಗಿದು ನಡೆದ. ಕೊನೆಯಲ್ಲಿದ್ದ ಉಗ್ರಾಣದ ಬಾಗಿಲು ಕೂದಲೆಳೆಯಷ್ಟು ತೆರೆದು ಮುಚ್ಚಿಕೊಂಡಿತು. ಮರುಕ್ಷಣ ಉಗ್ರಾಣದ ಹಿಂಭಾಗದಲ್ಲಿ ಕಬ್ಬಿಣದ ಅಗುಳಿ ತೆಗೆದ ಸದ್ದು, ಆಮೇಲೆ ಹಿತ್ತಲಿನಲ್ಲಿ ಗುಂಡು.

ಅವನು ಹಿತ್ತಲು ಮುಟ್ಟುವ ಮೊದಲೇ ಪೊಲೀಸರು ಅವನನ್ನು ಕವುಚಿ ಕೆಡವಿದ್ದರು. ಕೊಲೆಗಡುಕ ಹಿತ್ತಲಿನಲ್ಲೇ ಸಿಕ್ಕಿಬಿದ್ದ. ಬೆಳ್ಯಪ್ಪ ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಉಗ್ರಾಣದಲ್ಲಿ ಅಡಗಿದ್ದವರನ್ನು ಹಿಂಬಾಗಿಲಿನಿಂದ ಹೊರಗೆ ಕರೆದೊಯ್ದವಳು ಅಂಗಡಿಯಲ್ಲಿ ಕೆಲಸಕ್ಕಿದ್ದ ನಿಶಾ, ಧಾರವಾಡದ ವಿದ್ಯಾರ್ಥಿನಿ. ಅವಳ ಕೈಹಿಡಿದಿದ್ದ ಮುದುಕಿ ಹಿತ್ತಲಿನಲ್ಲಿದ್ದ ಕೊಲೆಗಡುಕನ ಗುಂಡಿಗೆ ಅಲ್ಲೇ ಸತ್ತಳು. ನಿಶಾಳ ಬೆನ್ನುಹುರಿಗೆ ಗುಂಡು ತಗಲಿತು.

ಪೊಲೀಸರು ಬೆಳ್ಯಪ್ಪನ ರೈಫಲನ್ನೂ ಲೈಸೆನ್ಸನ್ನೂ ತೆಗೆದುಕೊಂಡರು. ಕನ್ನಡ ಕೂಟ ಮಾತ್ರ ಅವನನ್ನು ವೀರನೆಂದಿತು. ರಾಜ್ಯೋತ್ಸವಕ್ಕೆ ಸನ್ಮಾನವೆಂದು ಕಾರ್ಯದರ್ಶಿ ಚೇತನ್ ಪ್ರಕಟಿಸಿಯೂ ಬಿಟ್ಟ. ಬೆಳ್ಯಪ್ಪನಿಗೆ ನಿದ್ದೆಯಿಲ್ಲ, ಊಟ ಸೇರದು. ಆ ಬಾಗಿಲು ಯಾಕೆ ಮುಚ್ಚಿತು ಎಂಬುದೊಂದೇ ಅವನಿಗೆ ಬೇಕಾಗಿತ್ತು. ಯಾರೋ ಅಂಜಿ ಮುಚ್ಚಿದ್ದು, ತನ್ನನ್ನು ಕಂಡು ಅಲ್ಲ ಎಂದು ಒಬ್ಬರಾದರೂ ಹೇಳಬೇಕಿತ್ತು. ಹೇಳಬಲ್ಲವಳು ನಿಶಾ ಒಬ್ಬಳೇ.

ಅವಳು ಗಾಲಿಕುರ್ಚಿಯಲ್ಲಿ ಕೂರುವ ಹೊತ್ತಿಗೆ ಅವನು ಆಸ್ಪತ್ರೆಗೆ ಹೋದ.

"ಬರ್ರಿ ಅಂಕಲ್. ಇವತ್ತ ಕೊತ್ತಂಬರಿ ಇಲ್ಲ," ಎಂದಳು. ಅಂಗಡಿಯಲ್ಲಿ ವಾರವಾರವೂ ಅವನಿಗೆ ಕೊತ್ತಂಬರಿ ಕಟ್ಟು ಆರಿಸಿ ಕೊಡುತ್ತಿದ್ದವಳು ಅವಳೇ.

ಅವನಿಗೆ ನಗಲಾಗಲಿಲ್ಲ. "ಅವತ್ತು ಬಾಗಿಲು ತೆಗೆದು ನೋಡಿದ್ದು ನೀನಾ?"

"ಹೌದ್ರಿ. ಅವ ಹೋದ್ನೇನು ಅಂತ ನೋಡಿದೆ."

"ನಾನು ಅಂತ ಗೊತ್ತಾಗ್ಲಿಲ್ವಾ?"

"ಹೆಂಗ ಗೊತ್ತಾಗ್ಬೇಕ್ರಿ? ಯಾವಾಗ್ಲೂ ಜಾಕೆಟ್‌ನಾಗ ನೋಡಿದ್ದೆ. ಕರೀ ಅಂಗಿ, ಸೊಂಟದಾಗ ಚೂರಿ, ಕೈಯಾಗ ಬಂದೂಕು. ಅವನ ಜೋಡಿ ಇನ್ನೊಬ್ಬ ಬಂದಾನ ಅಂದ್ಕೊಂಡೆ, ಅದಕ್ಕ ಹಿಂದಿನ ಬಾಗಿಲಾ ತೆಗೆದೆ. ಒಂದು ಮಾತರ ಆಡಬಾರದಿತ್ತೇನ್ರಿ? ನಿಶಾ ಅಂದಿದ್ರ ಸಾಕಿತ್ತು."

"ನಾನು ಬರದೇ ಇದ್ದಿದ್ರೆ?"

"ಒಳಗ ಕುಂತಿರ್ತಿದ್ವಿ. ಒಳಗಿಂದ ಚಿಲಕ ಹಾಕಿದ್ದೆ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಚೇತನ್. ಬೆಳ್ಯಪ್ಪ ಅವಳಿಗೂ ಕೇಳುವಂತೆ ಹಿಡಿದ. "ಸನ್ಮಾನ ಬೇಡ ಚೇತನ್. ನನ್ನಿಂದಲೇ ಅವರು ಹೊರಗೆ ಓಡಿದ್ದು."

"ಅಯ್ಯೋ ಅಂಕಲ್, ಅದನ್ನೆಲ್ಲ ಸ್ಟೇಜ್ ಮೇಲೆ ಯಾರು ಕೇಳ್ತಾರೆ? ಶಾಲು, ಹಾರ ಎಲ್ಲ ಹೇಳಿಬಿಟ್ಟಿದ್ದೀವಿ. ನೀವು ಹೋಗ್ದೇ ಇದ್ದಿದ್ರೆ ಇನ್ನೂ ಎಷ್ಟು ಜನ..."

ಬೆಳ್ಯಪ್ಪ ಫೋನು ಆರಿಸಿದ. ಅವಳ ಕಾಲೊಂದು ಕುರ್ಚಿಯ ಕಾಲಿಡುವ ಹಲಗೆಯಿಂದ ಜಾರಿ ನೇತಾಡುತ್ತಿತ್ತು. ಅವನು ಬಗ್ಗಿ ಅದನ್ನು ಎತ್ತಿ ಇಟ್ಟ.

"ಯಾವುದು ಬಿದ್ದಿತ್ರಿ ಅಂಕಲ್, ಎಡಗಾಲೋ, ಬಲಗಾಲೋ?" ಎಂದು ಕೇಳಿದಳು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ನಂಗ ತಿಳಿಯಂಗಿಲ್ಲ."

"ಎಡಗಾಲು," ಎಂದ ಬೆಳ್ಯಪ್ಪ.