ಹತ್ತು ಗಂಟೆಗೆ ಹಸಿಯದ ಇಮ್ರಾನ್

ಗೆಳೆಯರೇ, ಇವತ್ತು ಶಿಡ್ಲಘಟ್ಟದ ಒಂದು ಫಿಲೇಚರ್ ಕಾರ್ಖಾನೆಯಲ್ಲಿ ನಮ್ಮ ಕಾರ್ಮಿಕ ಸಂಘದ ಬೇಡಿಕೆ ನಮಗೇ ತಿರುಗಿಬಿತ್ತು. ಅಲ್ಲಿ ರೇಷ್ಮೆ ನೂಲು ತೆಗೆಯುವ ತಾಯಂದಿರಿಗೆ ಮಗುವಿಗೆ ಹಾಲುಣಿಸಲು ಹತ್ತು ಗಂಟೆಗೆ ಬಿಡುವು ಬೇಕೆಂದು ಜಗಳವಾಡಿ ಕೊಡಿಸಿದ್ದೆವು. ಆಗ ಅವರಲ್ಲೊಬ್ಬಳಾದ ಆಯಿಷಾಳ ಮಗ ಇಮ್ರಾನ್ ಹಸುಗೂಸು. ಈಗ ಅಂಬೆಗಾಲಿಡುತ್ತಾನೆ. ಬೆಳಿಗ್ಗೆ ರಾಗಿ ಸರಿ ತಿಂದು, ಹತ್ತಕ್ಕೆ ಗಡದ್ದಾಗಿ ಮಲಗಿ, ಹನ್ನೊಂದೂವರೆ ಹೊತ್ತಿಗೆ ಹಸಿದು ಏಳುತ್ತಾನೆ. ಆಗ ಬಿಡುವಿಲ್ಲ.

ಬಿಡುವಿನ ಹೊತ್ತು ಬದಲಿಸಿ ಎಂದು ಕೇಳಲು ಹೋದರೆ ಮಾಲೀಕರು ನಕ್ಕರು. “ಹತ್ತು ಗಂಟೆ ಅಂತ ಬಾಯಿ ಬಡ್ಕೊಂಡಿದ್ದು ನೀವೇ ಅಲ್ವೇನಪ್ಪಾ? ಎಬ್ಬಿಸಿ ಕುಡಿಸ್ಲಿ.”

“ಎಬ್ಬಿಸಿದ್ರೆ ಕಚ್ತಾನೆ ಸಾಬ್, ಹಲ್ಲು ಬಂದಿದೆ,” ಎಂದಳು ಆಯಿಷಾ.

ನನಗೆ ರೇಗಿತು. “ನಿಮಗೆ ಟೀ ಬೇಕಾದಾಗ ಗಡಿಯಾರ ನೋಡ್ತೀರೇನ್ರೀ? ಕೂಸಿನ ಹೊಟ್ಟೆಗೇನು ನೀವು ಕೀ ಕೊಟ್ಟಿದ್ದೀರಾ?” ಎಂದು ಕೂಗಾಡಿದೆ. ಅವರು ಜಗ್ಗಲಿಲ್ಲ.

ಅಷ್ಟರಲ್ಲಿ ಮಾಲೀಕರಿಗೆ ನೂಲಿನ ವ್ಯಾಪಾರಿಯ ಫೋನ್ ಬಂತು. ಅದೇ ಹೊತ್ತಿಗೆ, ಕಂಬಕ್ಕೆ ಕಟ್ಟಿದ್ದ ಸೀರೆಯ ಜೋಲಿಯಲ್ಲಿ ಇಮ್ರಾನ್ ಎದ್ದ. ಅವನ ಅಳುವಿನಲ್ಲಿ ವ್ಯಾಪಾರಿ ಹೇಳಿದ ದರ ಮಾಲೀಕರಿಗೆ ಕೇಳಿಸಲೇ ಇಲ್ಲ. ಒಂದು ಕಿವಿ ಮುಚ್ಚಿಕೊಂಡು, “ಹೋಗಮ್ಮ ತಾಯಿ, ಮೊದ್ಲು ಕುಡಿಸು!” ಎಂದರು.

“ನಾಳೆ?” ನಾನು ಬಿಡಲಿಲ್ಲ.

“ಅವನು ಎದ್ದಾಗ ಹೋಗ್ಲಿ ಬಿಡಪ್ಪಾ!”

ಉಳಿದ ತಾಯಂದಿರಿಗೂ ಇದೇ ಮಾತೆಂದು ಎಲ್ಲರೆದುರೇ ಒಪ್ಪಿಸಿದೆ. ಎದೆ ಹಗುರಾಯಿತು.

ನಾವು ಗುಂಪಾಗಿ ಘೋಷಣೆ ಕೂಗಿ ಪಡೆದದ್ದಕ್ಕಿಂತ ಹೆಚ್ಚನ್ನು ಇವನೊಬ್ಬನೇ ಕೂಗಿ ಪಡೆದ. ಮುಂದಿನ ಧರಣಿಗೆ ಇವನನ್ನೇ ಮುಂದೆ ಕೂರಿಸೋಣ ಎಂದೆ.

“ಕೂರ್ಸಿ ಅಣ್ಣಾ,” ಎಂದಳು ಆಯಿಷಾ. “ಆದ್ರೆ ಅವನು ಎದ್ದ ಮೇಲೆ ಶುರು ಮಾಡಿ.”